ಜಾಲತಾಣ ಕಲಿಸುವ ಪುಸ್ತಕಗಳು: ಯಾವುದಕ್ಕೆ ಎಷ್ಟು ಆಯುಸ್ಸು?

ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ಮೆಜೆಸ್ಟಿಕ್ ಮೂರನೆಯ ನಿಲ್ದಾಣ. ಅಲ್ಲಿ ರೈಲು ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳು ಹತ್ತಿರವೇ. ವಿಜಯನಗರ, ಕೆಂಗೇರಿ, ರಾಜಾಜಿನಗರದ ಕಡೆಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ದಾರಿ ಚಿರಪರಿಚಿತ. ಅರ್ಧ ಬೆಲೆಗೆ ಸಿಗುವ ಗಣಿತದ ಪುಸ್ತಕ ಇಪ್ಪತ್ತು ವರ್ಷ ಹಳೆಯದಾದರೂ ನಷ್ಟವಿಲ್ಲ. ಅವಕಲನದ ಸೂತ್ರಗಳು ಬದಲಾಗುವುದಿಲ್ಲ. ಆದರೆ ಪಕ್ಕದಲ್ಲೇ ಇರುವ, ಜಾಲತಾಣ ರಚನೆ ಕಲಿಸುವ ಪುಸ್ತಕದ ವಿಷಯ ಹಾಗಲ್ಲ. ಅದರ ಯಾವ ಅಧ್ಯಾಯ ಇನ್ನೂ ಜೀವಂತ, ಯಾವುದು ಸತ್ತಿದೆ ಎಂದು ತಿಳಿಯದೆ ಕೊಂಡರೆ ಹಣವೂ ಹೋಗುತ್ತದೆ, ಒಂದು ಸೆಮಿಸ್ಟರಿನ ಶ್ರಮವೂ ಹೋಗುತ್ತದೆ.

ಹಾಗಾದರೆ ಒಳ್ಳೆಯ ಪುಸ್ತಕವನ್ನು ಗುರುತಿಸುವುದು ಹೇಗೆ? ಇದಕ್ಕೆ ಪುಸ್ತಕಗಳ ಪಟ್ಟಿಯೊಂದನ್ನು ಕೊಟ್ಟರೆ ಆ ಪಟ್ಟಿಯೂ ಬೇಗ ಹಳೆಯದಾಗುತ್ತದೆ. ಅದರ ಬದಲು ಅಂತರಜಾಲದ ಭಾಷೆಗಳು ನಡೆದುಬಂದ ದಾರಿಯನ್ನು ತಿಳಿದರೆ ಯಾವ ಪುಸ್ತಕದ ವಯಸ್ಸನ್ನಾದರೂ ಅದರ ಪುಟಗಳಿಂದಲೇ ಹೇಳಬಹುದು.

ಎರಡು ಬಗೆಯ ಪುಸ್ತಕಗಳು

ಕರ್ನಿಘನ್ ಮತ್ತು ರಿಚೀ ಬರೆದ 'ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್' 1978ರಲ್ಲಿ ಪ್ರಕಟವಾಯಿತು. 1988ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯನ್ನು ಇಂದಿಗೂ ಓದಿ ಸಿ ಭಾಷೆ ಕಲಿಯಬಹುದು. ಆ ಭಾಷೆಯ ಮಾನಕವನ್ನು ಪರಿಷ್ಕರಿಸಿದವರು ಹಳೆಯ ಕ್ರಮವಿಧಿಗಳು ಕೆಡದಂತೆ ಬಹಳ ಎಚ್ಚರ ವಹಿಸಿದ್ದೇ ಇದಕ್ಕೆ ಕಾರಣ.

ಜಾಲತಾಣದ ಪುಸ್ತಕಕ್ಕೆ ಈ ಭಾಗ್ಯವಿಲ್ಲ. ಸಿ ಕಲಿಯಲು ಒಂದು ಭಾಷೆ ಸಾಕು. ಜಾಲಪುಟ ರಚಿಸಲು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಸರ್ವರಿನಲ್ಲಿ ಓಡುವ ಮತ್ತೊಂದು ಭಾಷೆ, ದತ್ತಸಂಚಯದ ಭಾಷೆ ಹೀಗೆ ಕನಿಷ್ಠ ಐದು ಸಂಗತಿಗಳು ಬೇಕು. ಇವುಗಳನ್ನು ರೂಪಿಸಿದವರು ಬೇರೆ ಬೇರೆ, ಇವು ಬದಲಾಗುವ ವೇಗವೂ ಬೇರೆ ಬೇರೆ. ಆದುದರಿಂದ ಒಂದೇ ಪುಸ್ತಕದ ಐದು ಭಾಗಗಳು ಐದು ಬೇರೆ ಕಾಲದಲ್ಲಿ ಹಳೆಯದಾಗುತ್ತವೆ.

ಮೂವತ್ತು ವರ್ಷಗಳ ಓಟ

1989ರ ಮಾರ್ಚ್‌ನಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ತಮ್ಮ ಪ್ರಸ್ತಾವನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಎಲ್ಲರ ಉಚಿತ ಬಳಕೆಗೆ ಬಿಟ್ಟುಕೊಟ್ಟಿತು. ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭಿಸಿದ್ದು 1995ರ ಆಗಸ್ಟ್ 15ರಂದು.

ಆ 1995ನೆಯ ವರ್ಷ ಹಲವು ಕಾರಣಗಳಿಗಾಗಿ ಮುಖ್ಯ. ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಸುಮಾರು ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಸಿದ್ಧಪಡಿಸಿದರು. ರಾಸ್ಮಸ್ ಲೆರ್ಡಾರ್ಫ್ ಪಿಎಚ್‌ಪಿಯನ್ನು ಸಾರ್ವಜನಿಕವಾಗಿ ಬಿಡುಗಡೆ ಮಾಡಿದರು. ಎಚ್‌ಟಿಎಂಎಲ್ 2.0 ಲಿಖಿತ ಮಾನಕವಾಯಿತು. ಮರುವರ್ಷ, 1996ರ ಡಿಸೆಂಬರ್‌ನಲ್ಲಿ, ಸಿಎಸ್‌ಎಸ್‌ನ ಮೊದಲ ಮಾನಕ ಬಂತು. ಎಚ್‌ಟಿಎಂಎಲ್ 4.0 ಹೊರಬಂದದ್ದು 1997ರಲ್ಲಿ.

2000ದಲ್ಲಿ ಎಕ್ಸ್‌ಎಚ್‌ಟಿಎಂಎಲ್ 1.0 ಬಂದಾಗ ಮುಂದಿನ ದಾರಿ ಅದೇ ಎಂದು ಡಬ್ಲ್ಯು3ಸಿ ಸಂಘಟನೆ ನಂಬಿತ್ತು. ಆದರೆ 2004ರಲ್ಲಿ ಆಪಲ್, ಮೊಜಿಲ್ಲಾ, ಒಪೆರಾ ಸಂಸ್ಥೆಗಳ ತಂತ್ರಜ್ಞರು ಪ್ರತ್ಯೇಕ ಗುಂಪು ಕಟ್ಟಿ ಎಚ್‌ಟಿಎಂಎಲ್ ಅನ್ನೇ ಬೆಳೆಸಲು ಹೊರಟರು. 2009ರಲ್ಲಿ ಎಕ್ಸ್‌ಎಚ್‌ಟಿಎಂಎಲ್ 2ರ ಕೆಲಸವನ್ನು ಕೈಬಿಡುವುದಾಗಿ ಡಬ್ಲ್ಯು3ಸಿ ಪ್ರಕಟಿಸಿತು. 2014ರ ಅಕ್ಟೋಬರ್‌ನಲ್ಲಿ ಎಚ್‌ಟಿಎಂಎಲ್ 5 ಅಧಿಕೃತ ಮಾನಕವಾಯಿತು. 2019ರ ಒಪ್ಪಂದದ ನಂತರ ಎಚ್‌ಟಿಎಂಎಲ್‌ಗೆ ಆವೃತ್ತಿ ಸಂಖ್ಯೆಯೇ ಇಲ್ಲ. ಅದು ನಿರಂತರವಾಗಿ ಪರಿಷ್ಕರಣೆಗೊಳ್ಳುವ ಒಂದೇ ದಾಖಲೆ.

ನಮ್ಮ ಪಠ್ಯಕ್ರಮದಲ್ಲಿ ಈ ಚರಿತ್ರೆ

ಈ ಏರಿಳಿತಗಳ ನೆರಳನ್ನು ನಮ್ಮ ರಾಜ್ಯದಲ್ಲೇ ಕಾಣಬಹುದು. 1998ರಲ್ಲಿ ಸ್ಥಾಪನೆಯಾದ, ಬೆಳಗಾವಿ ಕೇಂದ್ರವಾಗಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮಗಳನ್ನು ಸಾಲಾಗಿ ಇಟ್ಟು ನೋಡಿದರೆ ಸಾಕು.

2006ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಏಳನೆಯ ಸೆಮಿಸ್ಟರಿನಲ್ಲಿ 'ಪ್ರೋಗ್ರಾಮಿಂಗ್ ದಿ ವೆಬ್' ಎಂಬ ವಿಷಯವಿತ್ತು. ಪಠ್ಯಪುಸ್ತಕ ರಾಬರ್ಟ್ ಸೆಬೆಸ್ಟಾ ಅವರ 'ಪ್ರೋಗ್ರಾಮಿಂಗ್ ದಿ ವರ್ಲ್ಡ್ ವೈಡ್ ವೆಬ್'. ಎಕ್ಸ್‌ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಎಕ್ಸ್‌ಎಂಎಲ್, ಪರ್ಲ್, ಪಿಎಚ್‌ಪಿ, ರೂಬಿ ಎಲ್ಲವೂ ಅದರಲ್ಲಿದ್ದವು. ಪ್ರಾಯೋಗಿಕ ತರಗತಿಯಲ್ಲಿ ಸರ್ವರಿನ ಹೆಸರು ಮತ್ತು ವಿವರ ತೋರಿಸುವ ಪರ್ಲ್ ಕ್ರಮವಿಧಿ, ಕೊನೆಯ ಭೇಟಿಯ ಸಮಯವನ್ನು ಕುಕಿಯಲ್ಲಿ ಇಡುವ ಪಿಎಚ್‌ಪಿ ಕ್ರಮವಿಧಿ, ಪುಸ್ತಕಗಳ ವಿವರ ದಾಖಲಿಸುವ ರೈಲ್ಸ್ ಪ್ರಯೋಗ ಇವುಗಳನ್ನು ಬರೆದ ಹಲವರು ಇಂದು ತಾವೇ ಅಧ್ಯಾಪಕರಾಗಿದ್ದಾರೆ.

ಇಂದು ನೋಡಿದರೆ ಎಕ್ಸ್‌ಎಚ್‌ಟಿಎಂಎಲ್ ಕಲಿಸಿದ್ದು ವ್ಯರ್ಥ ಎನಿಸಬಹುದು. ಆದರೆ ಆಗ ಮಾನಕ ಸಂಘಟನೆಯೇ ಅದನ್ನು ಮುಂದಿಟ್ಟಿತ್ತು. ಪಠ್ಯಕ್ರಮ ರೂಪಿಸಿದವರು ಅದನ್ನು ಆರಿಸಿದ್ದು ಸಹಜ. ತೆರೆದ ಟ್ಯಾಗನ್ನು ಮುಚ್ಚಬೇಕು, ಒಂದರೊಳಗೊಂದು ಸರಿಯಾಗಿ ಸೇರಿಸಬೇಕು ಎಂಬ ಅದರ ಶಿಸ್ತು ಈಗಲೂ ಉಪಯುಕ್ತ. ಪರ್ಲ್‌ನ ಪಾಡು ಬೇರೆ. ಆ ಪ್ರಯೋಗಗಳಿಗೆ ಆಧಾರವಾಗಿದ್ದ ಸಿಜಿಐ ಮಾಡ್ಯೂಲನ್ನು 2015ರ ಪರ್ಲ್ 5.22ರಲ್ಲಿ ಮೂಲ ಭಾಷೆಯ ಜೊತೆ ಬರುವ ಕಟ್ಟಿನಿಂದ ತೆಗೆಯಲಾಯಿತು.

2015ರ ಪಠ್ಯಕ್ರಮದಲ್ಲಿ ವಿಷಯದ ಹೆಸರೇ 'ವೆಬ್ ಟೆಕ್ನಾಲಜಿ ಅಂಡ್ ಇಟ್ಸ್ ಅಪ್ಲಿಕೇಶನ್ಸ್' ಎಂದಾಯಿತು. ಪುಸ್ತಕ ರ‍್ಯಾಂಡಿ ಕಾನಲಿ ಮತ್ತು ರಿಕಾರ್ಡೊ ಹೋರ್ ಅವರ 'ಫಂಡಮೆಂಟಲ್ಸ್ ಆಫ್ ವೆಬ್ ಡೆವಲಪ್‌ಮೆಂಟ್'. ಎಚ್‌ಟಿಎಂಎಲ್ 5 ಬಂತು, ಪರ್ಲ್ ಮರೆಯಾಯಿತು, ಪಿಎಚ್‌ಪಿ ಉಳಿಯಿತು.

2021ರ ಪಠ್ಯಕ್ರಮದಲ್ಲಿ 'ಫುಲ್ ಸ್ಟ್ಯಾಕ್ ಡೆವಲಪ್‌ಮೆಂಟ್' ಎಂಬ ಹೆಸರಿನಲ್ಲಿ ಪೈಥಾನ್ ಆಧಾರಿತ ಜ್ಯಾಂಗೊ ಚೌಕಟ್ಟು ಪ್ರವೇಶಿಸಿತು. ಅದಕ್ಕೆ ಸೂಚಿಸಿದ ಪುಸ್ತಕ ಹೊಲೊವಟಿ ಮತ್ತು ಕಪ್ಲನ್-ಮಾಸ್ ಅವರ 'ದಿ ಡೆಫಿನಿಟಿವ್ ಗೈಡ್ ಟು ಜ್ಯಾಂಗೊ', 2009ರ ಎರಡನೆಯ ಆವೃತ್ತಿ. ಲೇಖಕರಲ್ಲಿ ಹೊಲೊವಟಿ ಜ್ಯಾಂಗೊದ ಜನಕರಲ್ಲೊಬ್ಬರು. ವಿಷಯವನ್ನು ಅವರಷ್ಟು ಬಲ್ಲವರು ವಿರಳ. ಆದರೆ ಪುಸ್ತಕ ಇರುವುದು ಜ್ಯಾಂಗೊ 1.1 ಕುರಿತು. ಅದರಲ್ಲಿ ವಿಳಾಸಗಳನ್ನು ಜೋಡಿಸಲು ಬಳಸುವ 'ಪ್ಯಾಟರ್ನ್ಸ್' ಎಂಬ ಫಂಕ್ಷನ್ 2016ರ ಜ್ಯಾಂಗೊ 1.10ರಲ್ಲಿ ಇಲ್ಲವಾಯಿತು. 2017ರ ಜ್ಯಾಂಗೊ 2.0 ಪೈಥಾನ್ 3ರಲ್ಲಿ ಮಾತ್ರ ಓಡುತ್ತದೆ. ಪುಸ್ತಕದ ಉದಾಹರಣೆಗಳು ಇರುವುದೋ ಪೈಥಾನ್ 2ರಲ್ಲಿ, ಮತ್ತು ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿದೆ.

ಹಾಗೆಂದು ಪುಸ್ತಕವನ್ನು ಬಿಸಾಡಬೇಕಿಲ್ಲ. ಮಾದರಿ, ನೋಟ, ಅಚ್ಚು ಎಂಬ ಮೂರು ಭಾಗಗಳಾಗಿ ಕೆಲಸವನ್ನು ಏಕೆ ಹಂಚಬೇಕು ಎಂಬ ಅದರ ವಿವರಣೆ ಇಂದಿಗೂ ಸೊಗಸಾಗಿದೆ. ಪರೀಕ್ಷೆಗೆ ಬೇಕಾದ ಪರಿಕಲ್ಪನೆಯನ್ನು ಪುಸ್ತಕದಿಂದ ಓದಿ, ಪ್ರಾಯೋಗಿಕ ತರಗತಿಯ ಸಾಲುಗಳನ್ನು ಜ್ಯಾಂಗೊದ ಅಧಿಕೃತ ಉಚಿತ ಕೈಪಿಡಿಯಿಂದ ತೆಗೆದುಕೊಳ್ಳುವುದೇ ಸರಿಯಾದ ಕ್ರಮ. ಇದನ್ನು ಮೊದಲ ತರಗತಿಯಲ್ಲೇ ಅಧ್ಯಾಪಕರು ಹೇಳದಿದ್ದರೆ, ಪುಸ್ತಕದಲ್ಲಿರುವಂತೆಯೇ ಟೈಪು ಮಾಡಿದ ವಿದ್ಯಾರ್ಥಿ ತನಗೇ ಬುದ್ಧಿ ಸಾಲದು ಎಂದು ತಿಳಿಯುತ್ತಾನೆ. ಹಳೆಯ ಪುಸ್ತಕ ಮಾಡುವ ದೊಡ್ಡ ಹಾನಿ ಇದೇ.

ಮೂರು ಬಗೆಯ ಮುಪ್ಪು

ಇಷ್ಟು ಚರಿತ್ರೆಯನ್ನು ಗಮನಿಸಿದರೆ ಜಾಲತಾಣದ ಪುಸ್ತಕಗಳು ಮೂರು ಬಗೆಯಲ್ಲಿ ಹಳೆಯದಾಗುತ್ತವೆ ಎನ್ನಬಹುದು.

ಮೊದಲನೆಯದು ಗದ್ದಲದ ಮುಪ್ಪು. ಪುಸ್ತಕದ ಕ್ರಮವಿಧಿ ಓಡುವುದೇ ಇಲ್ಲ. ಪಿಎಚ್‌ಪಿಯಿಂದ ದತ್ತಸಂಚಯವನ್ನು ಸಂಪರ್ಕಿಸಲು ಹಳೆಯ ಪುಸ್ತಕಗಳೆಲ್ಲ ಬಳಸುವ 'ಮೈಎಸ್‌ಕ್ಯುಎಲ್ ಕನೆಕ್ಟ್' ಬಗೆಯ ಫಂಕ್ಷನ್‌ಗಳನ್ನು 2013ರ ಪಿಎಚ್‌ಪಿ 5.5ರಲ್ಲಿ ಬಳಸಬಾರದೆಂದು ಎಚ್ಚರಿಸಲಾಯಿತು. 2015ರ ಪಿಎಚ್‌ಪಿ 7ರಲ್ಲಿ ಅವನ್ನು ತೆಗೆದೇ ಹಾಕಲಾಯಿತು. ಇಂಥ ದೋಷ ತಾನಾಗಿಯೇ ಕೂಗಿ ಹೇಳುತ್ತದೆ. ಆದ್ದರಿಂದ ಅಪಾಯ ಕಡಿಮೆ.

ಎರಡನೆಯದು ಮೌನದ ಮುಪ್ಪು. 'ಫಾಂಟ್', 'ಸೆಂಟರ್' ಟ್ಯಾಗುಗಳನ್ನು ಇಂದಿನ ಎಚ್‌ಟಿಎಂಎಲ್ ತ್ಯಜಿಸಿದೆ. ಆದರೂ ಬ್ರೌಸರ್ ಅವನ್ನು ಸಹಿಸಿಕೊಂಡು ಪುಟವನ್ನು ತೋರಿಸುತ್ತದೆ. ವಿದ್ಯಾರ್ಥಿಗೆ ತಾನು ಹಳೆಯದನ್ನು ಕಲಿಯುತ್ತಿದ್ದೇನೆ ಎಂಬುದೇ ಗೊತ್ತಾಗುವುದಿಲ್ಲ.

ಮೂರನೆಯದು ಅಪಾಯದ ಮುಪ್ಪು. ಬಳಕೆದಾರ ತುಂಬಿದ ಹೆಸರನ್ನು ನೇರವಾಗಿ ದತ್ತಸಂಚಯದ ಆಜ್ಞೆಗೆ ಅಂಟಿಸುವುದನ್ನು ಎಷ್ಟೋ ಹಳೆಯ ಪುಸ್ತಕಗಳು ಉದಾಹರಣೆಯಾಗಿ ಕೊಡುತ್ತವೆ. ಅದು ಈಗಲೂ ಓಡುತ್ತದೆ. ಆದರೆ ಹೆಸರಿನ ಜಾಗದಲ್ಲಿ ಯಾರಾದರೂ ಆಜ್ಞೆಯ ತುಣುಕನ್ನೇ ಬರೆದರೆ ಕೋಷ್ಟಕದ ಮಾಹಿತಿಯೆಲ್ಲ ಹೊರಬೀಳಬಹುದು, ಅಳಿಸಿಯೂ ಹೋಗಬಹುದು. ಹಾಗೆಯೇ ಗುಪ್ತಪದವನ್ನು ಎಂಡಿ5 ವಿಧಾನದಿಂದ ಕಾಪಾಡುವುದು ಒಂದು ಕಾಲದ ರೂಢಿ. ಆ ಫಂಕ್ಷನ್ ಇಂದಿನ ಪಿಎಚ್‌ಪಿಯಲ್ಲೂ ಕೆಲಸ ಮಾಡುತ್ತದೆ. ಆದರೆ ಎಂಡಿ5 ಅತಿ ವೇಗದ ಲೆಕ್ಕವಾದ್ದರಿಂದ, ಕಳುವಾದ ಪಟ್ಟಿಯ ಮೇಲೆ ಒಂದೊಂದೇ ಪದವನ್ನು ಪ್ರಯತ್ನಿಸುತ್ತ ಹೋಗುವವರಿಗೆ ಅದೇ ಅನುಕೂಲ. ಶಾಲೆಯ ಅಂಕಪಟ್ಟಿಯನ್ನೋ ಸಹಕಾರ ಸಂಘದ ಸದಸ್ಯರ ವಿವರವನ್ನೋ ಇಂಥ ಪುಸ್ತಕ ನೋಡಿ ಜಾಲತಾಣಕ್ಕೆ ಏರಿಸಿದರೆ ತೊಂದರೆ ಅನುಭವಿಸುವವರು ಪುಸ್ತಕ ಓದಿದವರಲ್ಲ, ಬೇರೆಯವರು.

ಬದಲಾಗದ ಭಾಗ

ಎಲ್ಲವೂ ಹೀಗೆ ಬದಲಾದರೆ ಪುಸ್ತಕವೇ ಏಕೆ ಎಂಬ ಪ್ರಶ್ನೆ ಸಹಜ. ಆದರೆ ತಳಪಾಯ ಆಶ್ಚರ್ಯಕರವಾಗಿ ಗಟ್ಟಿಯಾಗಿದೆ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ಎಚ್‌ಟಿಟಿಪಿ ನಿಯಮಾವಳಿಯ 1.0 ದಾಖಲೆ ಬಂದದ್ದು 1996ರಲ್ಲಿ. ಅದರ ಎಚ್‌ಟಿಟಿಪಿ 3 ರೂಪ 2022ರಲ್ಲಿ ಮಾನಕವಾಯಿತು. ಸಂದೇಶ ಸಾಗುವ ರೀತಿ ಬದಲಾದರೂ 'ಗೆಟ್', 'ಪೋಸ್ಟ್' ಎಂಬ ಕೋರಿಕೆಗಳ ಅರ್ಥವಾಗಲಿ, ಪುಟ ಸಿಗಲಿಲ್ಲ ಎನ್ನುವ 404ರ ಅರ್ಥವಾಗಲಿ ಬದಲಾಗಿಲ್ಲ. ಸರ್ವರಿಗೆ ಹಿಂದಿನ ಕೋರಿಕೆಯ ನೆನಪಿರುವುದಿಲ್ಲ, ಅದಕ್ಕಾಗಿಯೇ ಕುಕಿ ಬೇಕು ಎಂಬುದು 2006ರ ಪ್ರಯೋಗದಲ್ಲೂ ನಿಜ, ಇಂದೂ ನಿಜ. ಇಂಥ ಸಂಗತಿಗಳನ್ನು ಕ್ರಮವಾಗಿ ಕಟ್ಟಿಕೊಡುವ ಕೆಲಸವನ್ನು ಪುಸ್ತಕವೇ ಚೆನ್ನಾಗಿ ಮಾಡುತ್ತದೆ.

ಕನ್ನಡಿಗರಿಗೆ ಒಂದು ಹೆಚ್ಚಿನ ಪರೀಕ್ಷೆ

ಕನ್ನಡದಲ್ಲಿ ಜಾಲತಾಣ ರಚಿಸುವ ಪ್ರಯತ್ನ ಬಹಳ ಬೇಗ ಆರಂಭವಾಯಿತು. ಡಾ. ಯು. ಬಿ. ಪವನಜ ಅವರ 'ವಿಶ್ವಕನ್ನಡ' 1996ರಲ್ಲೇ ಬಂತು. ಆಗ ಪ್ರತಿಯೊಂದು ಅಕ್ಷರಶೈಲಿಗೂ ತನ್ನದೇ ಸಂಕೇತಗಳಿದ್ದವು. ಆ ಅಕ್ಷರಶೈಲಿ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತಿದ್ದವು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದ್ದರೂ, ವಿಂಡೋಸ್‌ನಲ್ಲಿ ಅದಕ್ಕೆ ಬೆಂಬಲ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯೊಂದಿಗೆ, 'ತುಂಗ' ಅಕ್ಷರಶೈಲಿಯ ಮೂಲಕ.

ಈಗ 'ಹೊಸಹಳ್ಳಿ' ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು ಹೊ, ಸ, ಹ, ಳ್ಳಿ ಎಂಬ 4 ಅಕ್ಷರ. ಸ್ವರಚಿಹ್ನೆ ಮತ್ತು ಅರ್ಧಾಕ್ಷರದ ಚಿಹ್ನೆಗಳನ್ನು ಬಿಡಿಸಿದರೆ ಯೂನಿಕೋಡ್‌ನಲ್ಲಿ 8 ಸಂಕೇತ. ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟಿನಂತೆ 24 ಬೈಟು. ಪಿಎಚ್‌ಪಿಯ 'ಸ್ಟ್ರ್‌ಲೆನ್' ಫಂಕ್ಷನ್ ಇದರ ಉದ್ದ 24 ಎನ್ನುತ್ತದೆ. ಜಾವಾಸ್ಕ್ರಿಪ್ಟ್ 8 ಎನ್ನುತ್ತದೆ. ಇಂಗ್ಲಿಷ್ ಪದಕ್ಕಾದರೆ ಮೂರು ಲೆಕ್ಕವೂ ಒಂದೇ, ಹಾಗಾಗಿ ಬಹಳಷ್ಟು ಪುಸ್ತಕಗಳು ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ. ಅವನ್ನು ನಂಬಿ ಹೆಸರನ್ನು 20 ಬೈಟಿಗೆ ಕತ್ತರಿಸಿದರೆ ಕೊನೆಯ ಅಕ್ಷರ ಒಡೆದುಹೋಗುತ್ತದೆ. ಯುಟಿಎಫ್-8 ಬಗ್ಗೆ ಒಂದು ಪುಟವಾದರೂ ಇಲ್ಲದ ಪುಸ್ತಕ ಕನ್ನಡದ ಜಾಲತಾಣ ಕಟ್ಟುವವರಿಗೆ ಸಾಲದು.

ಅಂಗಡಿಯಲ್ಲೇ ಹತ್ತು ನಿಮಿಷ

ಕೊಳ್ಳುವ ಮೊದಲು ಈ ಅಂಶಗಳನ್ನು ನೋಡಬಹುದು.

1. ಮುದ್ರಣದ ವರ್ಷವನ್ನಲ್ಲ, ಆವೃತ್ತಿಯ ವರ್ಷವನ್ನು ನೋಡಿ. 2009ರ ಆವೃತ್ತಿ 2020ರಲ್ಲಿ ಮರುಮುದ್ರಣವಾದರೂ ಒಳಗಿರುವುದು 2009ರ ವಿಷಯವೇ.

2. ಯಾವ ಭಾಷೆಯ ಯಾವ ಆವೃತ್ತಿಗೆ ಬರೆದದ್ದು ಎಂದು ಮುನ್ನುಡಿ ಸ್ಪಷ್ಟವಾಗಿ ಹೇಳುತ್ತದೆಯೇ?

3. ಪದಸೂಚಿಯಲ್ಲಿ ಹುಡುಕಿ. ಜಾವಾಸ್ಕ್ರಿಪ್ಟ್ ಭಾಗದಲ್ಲಿ 2015ರಲ್ಲಿ ಬಂದ 'ಲೆಟ್', 'ಕಾನ್ಸ್ಟ್' ಇವೆಯೇ? ಪಿಎಚ್‌ಪಿ ಭಾಗದಲ್ಲಿ 'ಪ್ರಿಪೇರ್ಡ್ ಸ್ಟೇಟ್‌ಮೆಂಟ್', 'ಪಾಸ್‌ವರ್ಡ್ ಹ್ಯಾಶ್' ಇವೆಯೇ?

4. ಫ್ಲ್ಯಾಷ್, ಜಾವಾ ಆಪ್ಲೆಟ್, ಫ್ರೇಮ್ ಇವುಗಳಿಗೆ ಪೂರ್ತಿ ಅಧ್ಯಾಯಗಳಿದ್ದರೆ ಆ ಪುಸ್ತಕ ಚರಿತ್ರೆಯ ಓದಿಗೆ ಮಾತ್ರ. ಫ್ಲ್ಯಾಷ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತಿತು.

5. ಅಧ್ಯಾಯದ ಕೊನೆಯಲ್ಲಿ ಸ್ವತಃ ಮಾಡಿ ನೋಡುವ ಅಭ್ಯಾಸಗಳಿವೆಯೇ? ಬರೀ ಟ್ಯಾಗುಗಳ ಪಟ್ಟಿಗೆ ಹಣ ಕೊಡಬೇಕಿಲ್ಲ. ಅಂಥ ಪಟ್ಟಿ ಅಂತರಜಾಲದಲ್ಲಿ ಉಚಿತವಾಗಿ, ಹೊಸದಾಗಿ ಸಿಗುತ್ತದೆ.

ಅಧ್ಯಾಪಕರಿಗೂ ಒಂದು ಸೂಚನೆ. ಕಾಲೇಜಿನ ಗ್ರಂಥಾಲಯದಲ್ಲಿರುವ ಇಂಥ ಪುಸ್ತಕಗಳ ಮೊದಲ ಪುಟದಲ್ಲಿ ಒಂದು ಚೀಟಿ ಅಂಟಿಸಿ. ಯಾವ ಅಧ್ಯಾಯ ಇಂದಿಗೂ ಸರಿ, ಯಾವುದರ ಕ್ರಮವಿಧಿ ಓಡುವುದಿಲ್ಲ, ಯಾವುದನ್ನು ಸುರಕ್ಷತೆಯ ದೃಷ್ಟಿಯಿಂದ ಅನುಸರಿಸಬಾರದು ಎಂದು ನಾಲ್ಕು ಸಾಲು ಬರೆದು ದಿನಾಂಕ ಹಾಕಿ. ಎರಡು ವರ್ಷಕ್ಕೊಮ್ಮೆ ಚೀಟಿ ಬದಲಾಯಿಸಿ. ಹೊಸ ಪುಸ್ತಕ ಕೊಳ್ಳಲಾಗದ ವಿದ್ಯಾರ್ಥಿಗೆ ಹಳೆಯ ಪುಸ್ತಕವನ್ನೇ ಹೊಸದಾಗಿಸಿ ಕೊಡಲು ಅಷ್ಟು ಸಾಕು.