ಸುಬ್ರಹ್ಮಣ್ಯ ಯಾತ್ರೆ ಮತ್ತು ಚಾರಣ: ಸುರಕ್ಷಿತ ಸೊಳ್ಳೆ ನಿವಾರಕಗಳ ಆಯ್ಕೆ ಹಾಗೂ ಬಳಕೆ

ಸಾರ್ವಜನಿಕರ ಮಾಹಿತಿಗಾಗಿ

ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲ್ಲೂಕಿನ ಸುಬ್ರಹ್ಮಣ್ಯ ಕ್ಷೇತ್ರವು ಪಶ್ಚಿಮ ಘಟ್ಟದ ತಪ್ಪಲಿನಲ್ಲಿ, ಕುಮಾರಧಾರಾ ನದಿಯ ಸಮೀಪದಲ್ಲಿದೆ. ಶ್ರೀ ಕ್ಷೇತ್ರದ ದರ್ಶನಕ್ಕಾಗಿ, ಆಶ್ಲೇಷ ಬಲಿ ಮತ್ತು ಸರ್ಪಸಂಸ್ಕಾರ ಸೇವೆಗಳಿಗಾಗಿ, ಹಾಗೂ ಕುಮಾರಪರ್ವತದ ಚಾರಣಕ್ಕಾಗಿ ವರ್ಷವಿಡೀ ಜನರು ಇಲ್ಲಿಗೆ ಆಗಮಿಸುತ್ತಾರೆ. ಹೀಗೆ ಬರುವವರು ಹಾಗೂ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ತೋಟಗಳಲ್ಲಿ ದುಡಿಯುವವರು ಸೊಳ್ಳೆಗಳಿಂದ ರಕ್ಷಣೆ ಪಡೆಯಲು ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

1. ಈ ಭಾಗದಲ್ಲಿ ಎಚ್ಚರಿಕೆ ಏಕೆ ಅಗತ್ಯ?

2008ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಗ್ರಾಮೀಣ ಭಾಗಗಳಲ್ಲಿ ಚಿಕೂನ್‌ಗುನ್ಯಾ ವ್ಯಾಪಕವಾಗಿ ಹರಡಿತು. ಅಡಿಕೆ ಮತ್ತು ರಬ್ಬರ್ ತೋಟಗಳಿರುವ ತಾಲ್ಲೂಕುಗಳ ಅನೇಕ ಕುಟುಂಬಗಳು ತಿಂಗಳುಗಟ್ಟಲೆ ಕೀಲುನೋವಿನಿಂದ ಬಳಲಿದವು. ಡೆಂಗಿ ಜ್ವರವು ಮಳೆಗಾಲದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದೆ. ಡೆಂಗಿ ಮತ್ತು ಚಿಕೂನ್‌ಗುನ್ಯಾ ರೋಗಗಳಿಗೆ ನಿರ್ದಿಷ್ಟ ಔಷಧವಿಲ್ಲ. ಆದುದರಿಂದ ಸೊಳ್ಳೆ ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ ರಕ್ಷಣೆಯಾಗಿದೆ.

ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಯು ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲು ಸಂಗ್ರಹಿಸುವ ಬಟ್ಟಲು, ತೆಂಗಿನ ಗೆರಟೆ, ಎಸೆದ ಟಯರು ಮುಂತಾದವುಗಳಲ್ಲಿ ಮಳೆನೀರು ಒಂದು ವಾರ ನಿಂತರೂ ಸೊಳ್ಳೆ ಹುಟ್ಟಲು ಸಾಕಾಗುತ್ತದೆ.

2. ಯಾವ ಹೊತ್ತಿನಲ್ಲಿ ಯಾವ ಸೊಳ್ಳೆ?

* ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುತ್ತದೆ. ಸೂರ್ಯೋದಯದ ನಂತರದ ಕೆಲವು ಗಂಟೆಗಳು ಮತ್ತು ಸಂಜೆಯ ಮುನ್ನಿನ ಅವಧಿಯಲ್ಲಿ ಇದರ ಕಾಟ ಹೆಚ್ಚು.
* ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ.

ಬೆಳಿಗ್ಗೆ ಸರತಿಯಲ್ಲಿ ನಿಲ್ಲುವ ಭಕ್ತರಿಗೂ, ನೆಟ್ಟಣದ ರೈಲು ನಿಲ್ದಾಣದಲ್ಲಿ ರಾತ್ರಿ ರೈಲಿಗೆ ಕಾಯುವ ಪ್ರಯಾಣಿಕರಿಗೂ ರಕ್ಷಣೆ ಅಗತ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ರಾತ್ರಿ ಮಾತ್ರ ಸೊಳ್ಳೆಪರದೆ ಕಟ್ಟಿಕೊಂಡರೆ ಡೆಂಗಿಯಿಂದ ರಕ್ಷಣೆ ದೊರೆಯದು.

3. ಚರ್ಮಕ್ಕೆ ಹಚ್ಚುವ ನಿವಾರಕಗಳು

ನಿವಾರಕವು ಸೊಳ್ಳೆಯನ್ನು ಕೊಲ್ಲುವುದಿಲ್ಲ. ಮನುಷ್ಯನ ದೇಹದ ವಾಸನೆಯನ್ನು ಅನುಸರಿಸಿ ಬರುವ ಸೊಳ್ಳೆಯು ಚರ್ಮದ ಮೇಲೆ ಕುಳಿತು ಕಚ್ಚದಂತೆ ತಡೆಯುತ್ತದೆ. ಖರೀದಿಸುವಾಗ ಹೆಸರಿಗಿಂತ ಅದರಲ್ಲಿರುವ ಸಕ್ರಿಯ ಅಂಶವನ್ನು ಗಮನಿಸತಕ್ಕದ್ದು.

(ಅ) ಡೀಟ್: 1946ರಲ್ಲಿ ಅಮೆರಿಕದ ಸೇನೆಗಾಗಿ ಅಭಿವೃದ್ಧಿಪಡಿಸಲಾದ ಇದು ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ನಿವಾರಕವಾಗಿದೆ. ಶೇ. 10ರ ಪ್ರಮಾಣವು ಸುಮಾರು 2 ಗಂಟೆ, ಶೇ. 20ರಿಂದ 30ರ ಪ್ರಮಾಣವು ಸುಮಾರು 4ರಿಂದ 6 ಗಂಟೆಗಳ ಕಾಲ ರಕ್ಷಣೆ ನೀಡುತ್ತದೆ. ಪ್ರಮಾಣ ಹೆಚ್ಚಿದಂತೆ ರಕ್ಷಣೆಯ ಅವಧಿ ಹೆಚ್ಚುತ್ತದೆಯಾದರೂ ಶೇ. 50ರ ನಂತರ ಹೆಚ್ಚಿನ ಪ್ರಯೋಜನವಿಲ್ಲ.

(ಆ) ಪಿಕಾರಿಡಿನ್: ಶೇ. 20ರ ಪ್ರಮಾಣದಲ್ಲಿ ಡೀಟ್‌ಗೆ ಸಮನಾದ ರಕ್ಷಣೆ ನೀಡುತ್ತದೆ. ವಾಸನೆ ಕಡಿಮೆ. ಪ್ಲಾಸ್ಟಿಕ್ ವಸ್ತುಗಳಿಗೆ ಹಾನಿ ಮಾಡುವುದಿಲ್ಲ.

(ಇ) ಡೈಈಥೈಲ್ ಬೆಂಜಮೈಡ್: ನಮ್ಮ ಊರಿನ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಸೊಳ್ಳೆ ಮುಲಾಮುಗಳಲ್ಲಿ ಬಳಕೆಯಲ್ಲಿದೆ. ಬೆವರಿದಾಗ ಮತ್ತು ಒದ್ದೆಯಾದಾಗ ಪುನಃ ಹಚ್ಚಿಕೊಳ್ಳಬೇಕು.

(ಈ) ಡೀಪಾ: ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಗ್ವಾಲಿಯರ್ ಪ್ರಯೋಗಾಲಯವು ಅಭಿವೃದ್ಧಿಪಡಿಸಿದ ನಿವಾರಕ. ಸೊಳ್ಳೆಗಳಲ್ಲದೆ ಉಣುಗುಗಳನ್ನೂ ದೂರವಿಡುತ್ತದೆ.

(ಉ) ಪಿ.ಎಂ.ಡಿ.: ನಿಂಬೆ ವಾಸನೆಯ ಒಂದು ಬಗೆಯ ನೀಲಗಿರಿ ಮರದ ಎಣ್ಣೆಯಿಂದ ಸಿದ್ಧಪಡಿಸಲಾಗುತ್ತದೆ. ಶೀತಕ್ಕೆ ಬಳಸುವ ಸಾಮಾನ್ಯ ನೀಲಗಿರಿ ಎಣ್ಣೆಯು ಇದಕ್ಕೆ ಪರ್ಯಾಯವಲ್ಲ.

4. ಖರೀದಿಸುವಾಗ ಪರಿಶೀಲಿಸಬೇಕಾದ ಅಂಶಗಳು

1) ಸಕ್ರಿಯ ಅಂಶದ ಹೆಸರು ಮತ್ತು ಶೇಕಡಾ ಪ್ರಮಾಣ.
2) ತಯಾರಿಕಾ ಪರವಾನಗಿ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ.
3) ಸೊಳ್ಳೆ ಬತ್ತಿ, ವಿದ್ಯುತ್ ಸಾಧನದ ದ್ರಾವಣ ಮತ್ತು ಸಿಂಪಡಣೆಗಳ ಮೇಲೆ 1968ರ ಕೀಟನಾಶಕಗಳ ಅಧಿನಿಯಮದನ್ವಯ ಪಡೆದ ನೋಂದಣಿ ಸಂಖ್ಯೆ ಇರತಕ್ಕದ್ದು. ಈ ಸಂಖ್ಯೆಯಿಲ್ಲದೆ "ಗಿಡಮೂಲಿಕೆಯದು" ಎಂಬ ಹೆಸರಿನಲ್ಲಿ ಮಾರಲಾಗುವ ಊದುಬತ್ತಿಗಳನ್ನು ಖರೀದಿಸಬಾರದು.

5. ಬಳಸುವ ವಿಧಾನ

* ಬಟ್ಟೆಯಿಂದ ಮುಚ್ಚದ ಭಾಗಗಳಿಗೆ ಮಾತ್ರ ತೆಳುವಾಗಿ, ಎಲ್ಲೆಡೆ ಸಮನಾಗಿ ಹಚ್ಚಬೇಕು. ಬಿಟ್ಟುಹೋದ ಅಂಗೈ ಅಗಲದ ಜಾಗದಲ್ಲಿಯೂ ಸೊಳ್ಳೆ ಕಚ್ಚುತ್ತದೆ. ಪಾದ ಮತ್ತು ಕಾಲಿನ ಮಣಿಕಟ್ಟನ್ನು ಮರೆಯಬಾರದು.
* ಗಾಯ, ತುರಿಕೆಯಿರುವ ಜಾಗ, ಕಣ್ಣು ಮತ್ತು ಬಾಯಿಗೆ ತಾಗಿಸಬಾರದು. ಮುಖಕ್ಕೆ ನೇರವಾಗಿ ಸಿಂಪಡಿಸದೆ, ಅಂಗೈಗೆ ಹಾಕಿಕೊಂಡು ಹಚ್ಚಬೇಕು.
* ಬಿಸಿಲಿನಿಂದ ರಕ್ಷಿಸುವ ಲೇಪವನ್ನು ಬಳಸುವವರು ಮೊದಲು ಅದನ್ನು ಹಚ್ಚಿ, ಒಣಗಿದ ನಂತರ ನಿವಾರಕವನ್ನು ಹಚ್ಚಬೇಕು.
* ಡೀಟ್ ಇರುವ ನಿವಾರಕವು ಕನ್ನಡಕದ ಚೌಕಟ್ಟು, ಕೈಗಡಿಯಾರ ಮುಂತಾದ ಪ್ಲಾಸ್ಟಿಕ್ ವಸ್ತುಗಳಿಗೆ ಹಾನಿ ಮಾಡಬಹುದು.
* ದೇವಳದ ಒಳಗೆ ಪುರುಷರು ಅಂಗಿ ತೆಗೆಯುವ ಸಂಪ್ರದಾಯವಿರುವುದರಿಂದ ಬೆನ್ನು, ಭುಜಗಳಿಗೂ ಮೊದಲೇ ಹಚ್ಚಿಕೊಳ್ಳುವುದು ಉತ್ತಮ.
* ಕುಮಾರಧಾರೆಯಲ್ಲಿ ಸ್ನಾನ ಮಾಡುವವರು ಸ್ನಾನದ ನಂತರವೇ ನಿವಾರಕ ಹಚ್ಚಿಕೊಳ್ಳಬೇಕು. ಮೊದಲೇ ಹಚ್ಚಿದ ಲೇಪವು ತೊಳೆದುಹೋಗಿ ರಕ್ಷಣೆಯೂ ದೊರೆಯದು, ನದಿಯ ನೀರೂ ಕಲುಷಿತವಾಗುವುದು.
* ವಸತಿಗೆ ಹಿಂತಿರುಗಿದ ಬಳಿಕ ಸಾಬೂನಿನಿಂದ ತೊಳೆದುಕೊಳ್ಳಬೇಕು.

6. ಮಕ್ಕಳು ಮತ್ತು ಗರ್ಭಿಣಿಯರು

ಎರಡು ತಿಂಗಳಿಗಿಂತ ಚಿಕ್ಕ ಶಿಶುಗಳಿಗೆ ಯಾವುದೇ ನಿವಾರಕ ಹಚ್ಚಬಾರದು. ತೊಟ್ಟಿಲಿಗೆ ಅಥವಾ ಹಾಸಿಗೆಗೆ ಸೊಳ್ಳೆಪರದೆ ಕಟ್ಟುವುದೇ ಸೂಕ್ತ. ಮೂರು ವರ್ಷದೊಳಗಿನ ಮಕ್ಕಳಿಗೆ ಪಿ.ಎಂ.ಡಿ. ಬಳಸಬಾರದು. ಮಕ್ಕಳಿಗೆ ಶೇ. 30ಕ್ಕಿಂತ ಹೆಚ್ಚಿನ ಡೀಟ್ ಬೇಡ. ಮಕ್ಕಳು ಬೆರಳನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಅವರ ಕೈಗಳಿಗೆ ಹಚ್ಚಬಾರದು, ಹಿರಿಯರೇ ಹಚ್ಚಬೇಕು. ಡೀಟ್ ಮತ್ತು ಪಿಕಾರಿಡಿನ್‌ಗಳನ್ನು ಸೂಚನೆಯಂತೆ ಬಳಸಿದಲ್ಲಿ ಗರ್ಭಿಣಿಯರಿಗೂ ಹಾಲುಣಿಸುವ ತಾಯಂದಿರಿಗೂ ಸುರಕ್ಷಿತವಾಗಿವೆ. ಗರ್ಭಿಣಿಯರಿಗೆ ಮಲೇರಿಯಾ ತಗುಲಿದರೆ ತಾಯಿ ಮತ್ತು ಮಗು ಇಬ್ಬರಿಗೂ ಅಪಾಯವಿರುವುದರಿಂದ ಭಯದಿಂದ ನಿವಾರಕವನ್ನು ಕೈಬಿಡಬಾರದು.

7. ತಂಗುವ ಕೊಠಡಿಯಲ್ಲಿ

ಸರ್ಪಸಂಸ್ಕಾರ ಸೇವೆಗೆ ಬರುವವರು ಕ್ಷೇತ್ರದಲ್ಲಿ ತಂಗಬೇಕಾಗುವುದರಿಂದ ಸೊಳ್ಳೆಪರದೆಯನ್ನು ಜೊತೆಗೆ ತರುವುದು ಒಳಿತು. ಮುಚ್ಚಿದ ಕೊಠಡಿಯಲ್ಲಿ ಸೊಳ್ಳೆ ಬತ್ತಿ ಉರಿಸಿ ಮಲಗಬಾರದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಒಂದು ಸೊಳ್ಳೆ ಬತ್ತಿಯಿಂದ ಹೊರಬೀಳುವ ಸೂಕ್ಷ್ಮ ಕಣಗಳ ಪ್ರಮಾಣವು 75ರಿಂದ 137 ಸಿಗರೇಟುಗಳ ಹೊಗೆಗೆ ಸಮ. ಉಬ್ಬಸವುಳ್ಳವರು ವಿಶೇಷವಾಗಿ ಎಚ್ಚರಿಕೆ ವಹಿಸಬೇಕು. ವಿದ್ಯುತ್ ಸಾಧನಗಳನ್ನು ಬಳಸುವಾಗ ಒಂದು ಕಿಟಕಿಯನ್ನಾದರೂ ತೆರೆದಿಡಬೇಕು.

8. ಪ್ರಯೋಜನವಿಲ್ಲದ ಉಪಾಯಗಳು

ಶಬ್ದತರಂಗ ಹೊರಡಿಸುವ ಸಾಧನಗಳು, ಮಣಿಕಟ್ಟಿಗೆ ಕಟ್ಟುವ ನಿವಾರಕ ಪಟ್ಟಿಗಳು, ಬೆಳ್ಳುಳ್ಳಿ ಸೇವನೆ ಹಾಗೂ ವಿಟಮಿನ್ ಮಾತ್ರೆಗಳು ಸೊಳ್ಳೆ ಕಡಿತವನ್ನು ತಡೆಯುವುದಿಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಶೇ. 23.8ರ ಡೀಟ್ ಸರಾಸರಿ 5 ಗಂಟೆ ರಕ್ಷಣೆ ನೀಡಿದರೆ, ಸಿಟ್ರೊನೆಲ್ಲಾ ಎಣ್ಣೆಯ ಉತ್ಪನ್ನಗಳು 20 ನಿಮಿಷಗಳಷ್ಟೂ ನಿಲ್ಲಲಿಲ್ಲ.

9. ಚಾರಣಿಗರಿಗೆ ಮತ್ತು ಕಾಡಿಗೆ ಹೋಗುವವರಿಗೆ

ಗಿರಿಗದ್ದೆಯ ಮಾರ್ಗವಾಗಿ ಕುಮಾರಪರ್ವತ ಏರುವವರು ತಿಳಿಬಣ್ಣದ, ಉದ್ದ ತೋಳಿನ ಸಡಿಲ ಉಡುಪು ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಬೇಕು. ಏರುದಾರಿಯಲ್ಲಿ ಬೆವರು ಹೆಚ್ಚಾಗಿ ಬರುವುದರಿಂದ ನಿವಾರಕವನ್ನು ಬೇಗನೆ ಪುನಃ ಹಚ್ಚಿಕೊಳ್ಳಬೇಕಾಗುತ್ತದೆ.

ಘಟ್ಟದ ಕಾಡುಗಳಲ್ಲಿ ಉಣುಗುಗಳ ಬಗೆಗೂ ಎಚ್ಚರಿಕೆ ಇರಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯು 1982-83ರಲ್ಲಿ ನೆರೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಣಿಸಿಕೊಂಡಿತ್ತು. ಈ ಕಾಯಿಲೆಗೆ ಹಿಂದೆ ನೀಡಲಾಗುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ರೋಗಪೀಡಿತ ಪ್ರದೇಶಗಳಲ್ಲಿ ಆರೋಗ್ಯ ಇಲಾಖೆಯಿಂದ ಡೀಪಾ ತೈಲವನ್ನು ವಿತರಿಸಲಾಗುತ್ತದೆ. ಕಾಡಿನಿಂದ ಮರಳಿದ ಕೂಡಲೇ ಬಿಸಿನೀರು, ಸಾಬೂನಿನಿಂದ ಸ್ನಾನ ಮಾಡಿ, ಬಟ್ಟೆಗಳನ್ನು ಒಗೆಯಬೇಕು. ಸತ್ತ ಮಂಗ ಕಂಡಲ್ಲಿ ಮುಟ್ಟದೆ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು.

10. ಜ್ವರ ಬಂದಲ್ಲಿ

ಪ್ರವಾಸದಿಂದ ಮರಳಿದ ಎರಡು ವಾರಗಳೊಳಗೆ ಜ್ವರ, ತಲೆನೋವು, ಕಣ್ಣಿನ ಹಿಂಭಾಗದ ನೋವು ಅಥವಾ ಕೀಲುನೋವು ಕಂಡುಬಂದಲ್ಲಿ ವೈದ್ಯರನ್ನು ಭೇಟಿಯಾಗಿ, ತಾವು ಎಲ್ಲೆಲ್ಲಿ ತಂಗಿದ್ದಿರಿ ಎಂಬುದನ್ನು ತಿಳಿಸಬೇಕು. ಮಲೇರಿಯಾ ಇನ್ನೂ ತಡವಾಗಿ ಕಾಣಿಸಿಕೊಳ್ಳಬಹುದು. ಸ್ವತಃ ಆಸ್ಪಿರಿನ್ ಅಥವಾ ಐಬುಪ್ರೊಫೇನ್ ಸೇವಿಸಬಾರದು. ಡೆಂಗಿಯಿದ್ದಲ್ಲಿ ಇವುಗಳಿಂದ ರಕ್ತಸ್ರಾವವಾಗುವ ಅಪಾಯವಿದೆ. ಜ್ವರ ಇಳಿದ ನಂತರವೂ ತೀವ್ರ ಹೊಟ್ಟೆನೋವು, ಎಡೆಬಿಡದ ವಾಂತಿ, ವಸಡಿನಿಂದ ರಕ್ತ ಒಸರುವುದು ಕಂಡುಬಂದಲ್ಲಿ ವಿಳಂಬ ಮಾಡದೆ ಆಸ್ಪತ್ರೆಗೆ ದಾಖಲಾಗಬೇಕು. ತುರ್ತು ವಾಹನಕ್ಕಾಗಿ 108ಕ್ಕೆ ಕರೆ ಮಾಡಬಹುದು.

ಸುಬ್ರಹ್ಮಣ್ಯದ ಪ್ರಾಥಮಿಕ ಆರೋಗ್ಯ ಕೇಂದ್ರ, ಕಡಬದ ಸಮುದಾಯ ಆರೋಗ್ಯ ಕೇಂದ್ರ ಹಾಗೂ ಸುಳ್ಯ ಮತ್ತು ಪುತ್ತೂರಿನ ತಾಲ್ಲೂಕು ಆಸ್ಪತ್ರೆಗಳನ್ನು ಸಾರ್ವಜನಿಕರು ಸಂಪರ್ಕಿಸಬಹುದಾಗಿದೆ. ಮಲೇರಿಯಾ ರಕ್ತಪರೀಕ್ಷೆ ಮತ್ತು ಚಿಕಿತ್ಸೆಯು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿದೆ. ಯಾತ್ರಾರ್ಥಿಗಳು, ಚಾರಣಿಗರು ಮತ್ತು ಸ್ಥಳೀಯ ನಿವಾಸಿಗಳು ಮೇಲಿನ ಕ್ರಮಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.