ಇಂಗ್ಲಿಷ್ ಬೋಧನೆಯಲ್ಲಿ ಮಾತಿನ ಔಚಿತ್ಯ

೧೮೩೫ರ ಮೆಕಾಲೆಯ ಟಿಪ್ಪಣಿಯ ತರುವಾಯ ಸರಕಾರದ ಆಶ್ರಯ ಪಡೆದ ಇಂಗ್ಲಿಷ್ ಶಿಕ್ಷಣವು ಭಾರತದ ಶಾಲೆಗಳಲ್ಲಿ ಬಹುಕಾಲ ವ್ಯಾಕರಣ, ಭಾಷಾಂತರಗಳನ್ನೇ ಅವಲಂಬಿಸಿತ್ತು. ವಾಕ್ಯವನ್ನು ಶುದ್ಧವಾಗಿ ರಚಿಸುವುದನ್ನು ಕಲಿಸಲಾಯಿತು. ಅದನ್ನು ಯಾರೊಡನೆ, ಯಾವ ಸಂದರ್ಭದಲ್ಲಿ ಆಡತಕ್ಕದ್ದೆಂಬುದು ಪಾಠಕ್ಕೆ ಹೊರಗೇ ಉಳಿಯಿತು.

ಈ ಕೊರತೆಯ ಅರಿವು ಮೂಡಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಮಾತನಾಡುವುದೂ ಒಂದು ಕ್ರಿಯೆಯೆಂದು ಆಕ್ಸ್‌ಫರ್ಡಿನ ತತ್ತ್ವಜ್ಞ ಜೆ. ಎಲ್. ಆಸ್ಟಿನ್ ೧೯೫೫ರಲ್ಲಿ ಹಾರ್ವರ್ಡಿನ ಉಪನ್ಯಾಸಗಳಲ್ಲಿ ಪ್ರತಿಪಾದಿಸಿದರು. ಸಂದರ್ಭವರಿತು ಆಡುವ ಸಾಮರ್ಥ್ಯವೂ ಭಾಷಾಜ್ಞಾನದ ಅಂಗವೆಂದು ಅಮೆರಿಕದ ಡೆಲ್ ಹೈಮ್ಸ್ ೧೯೭೨ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಾದಿಸಿದರು. ೧೯೮೩ರಲ್ಲಿ ಜೆನ್ನಿ ಥಾಮಸ್ ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿದರು: ವ್ಯಾಕರಣದ ತಪ್ಪನ್ನು ಕೇಳುಗನು ಭಾಷೆಯ ಅರೆಜ್ಞಾನವೆಂದು ಮನ್ನಿಸುತ್ತಾನೆ, ಔಚಿತ್ಯದ ತಪ್ಪನ್ನಾದರೋ ಆಡಿದವನ ಸ್ವಭಾವದೋಷವೆಂದೇ ಎಣಿಸುತ್ತಾನೆ.

ಕನ್ನಡಿಗನಿಗೆ ಈ ಅಪಾಯವು ತೀರ ಸಮೀಪದ್ದು. ‘ಪುಸ್ತಕ ಕೊಡಿ’ ಎಂಬಲ್ಲಿ ಗೌರವವು ಕ್ರಿಯಾಪದದ ಪ್ರತ್ಯಯದಲ್ಲಿಯೇ ಅಡಗಿದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಅಂತಹ ಪ್ರತ್ಯಯವಿಲ್ಲ. ‘ಗಿವ್ ಮಿ ದ ಬುಕ್’ ಎಂದಾಗ ಕೋರಿಕೆಯು ಆಜ್ಞೆಯಾಗಿ ಕೇಳಿಸುತ್ತದೆ. ವಿನಯವು ಅಲ್ಲಿ ‘ಕುಡ್ ಯು’ ಎಂಬ ಪ್ರಶ್ನೆಯ ರೂಪವನ್ನು ತಾಳಬೇಕು. ವ್ಯಾಕರಣದೊಡನೆ ಈ ಭೇದವನ್ನೂ ಕಲಿಸದಿದ್ದಲ್ಲಿ, ವಿನಯಶೀಲನಾದ ವಿದ್ಯಾರ್ಥಿಯೂ ಪರಭಾಷೆಯಲ್ಲಿ ಒರಟನೆಂಬ ಅಪವಾದಕ್ಕೆ ಗುರಿಯಾಗುವನು.