ಮನೆಗಿಂತ ಮೊದಲು ಬರುವ ಪತ್ರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕಟ್ಟುವುದಷ್ಟೇ ಅಲ್ಲ, ಕಟ್ಟಿದ ಮನೆಯನ್ನು ಕೊಳ್ಳುವುದೂ ಅಷ್ಟೇ ತ್ರಾಸದ ಕೆಲಸ. ನಮ್ಮಲ್ಲಿ ಅನೇಕರು ಮೊದಲು ಮನೆ ನೋಡುತ್ತಾರೆ. ಮನಸ್ಸಿಗೆ ಹಿಡಿಸಿದರೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ಳುತ್ತಾರೆ. ಆನಂತರ ಸಾಲಕ್ಕಾಗಿ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ. ಬ್ಯಾಂಕು ಆಗುವುದಿಲ್ಲ ಎಂದುಬಿಟ್ಟರೆ ಮನೆಯೂ ಇಲ್ಲ, ಕೊಟ್ಟ ಅಡ್ವಾನ್ಸ್ ಮರಳಿ ಬರುವ ಖಾತರಿಯೂ ಇಲ್ಲ.

ಅಮೆರಿಕದಲ್ಲಿ ಈ ಕ್ರಮ ತಿರುವುಮುರುವು. ಅಲ್ಲಿ ಮನೆ ಹುಡುಕಲು ಹೊರಡುವ ಮೊದಲೇ ಸಾಲ ಕೊಡುವವರ ಬಳಿ ಹೋಗುವುದು ರೂಢಿ. ಸಂಬಳದ ಚೀಟಿ, ತೆರಿಗೆಯ ಕಾಗದ, ಬ್ಯಾಂಕ್ ಖಾತೆಯ ವಿವರ, ಹಳೆಯ ಸಾಲಗಳ ಲೆಕ್ಕ ಎಲ್ಲವನ್ನೂ ಪರಿಶೀಲಿಸಿ, ಇವರಿಗೆ ಇಷ್ಟು ಮೊತ್ತದವರೆಗೆ ಸಾಲ ಕೊಡಲು ಸಿದ್ಧರಿದ್ದೇವೆ ಎಂದು ಬ್ಯಾಂಕು ಒಂದು ಪತ್ರ ಕೊಡುತ್ತದೆ. ಇದೇ ಪ್ರೀ-ಅಪ್ರೂವಲ್, ಅಂದರೆ ಪೂರ್ವ ಮಂಜೂರಾತಿ. ಬರೀ ಬಾಯಿಮಾತಿನ ವಿವರ ಕೇಳಿ ಕೊಡುವ ಅಂದಾಜು ಬೇರೆ, ದಾಖಲೆ ನೋಡಿ ಕೊಡುವ ಈ ಪತ್ರ ಬೇರೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಇದು ಚಾಲ್ತಿಯಲ್ಲಿರುತ್ತದೆ. ಪತ್ರವಿಲ್ಲದೆ ಬಂದವರ ಮಾತಿಗೆ ಮನೆ ಮಾರುವವರು ಅಷ್ಟಾಗಿ ಕಿವಿಗೊಡುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಕನ್ನಡದ ಗಾದೆ. ಚಾದರ ನೋಡಿ ಕಾಲು ಚಾಚಬೇಕೆಂಬುದು ಉರ್ದುವಿನ ಗಾದೆ. ಪೂರ್ವ ಮಂಜೂರಾತಿ ಅದೇ ವಿವೇಕದ ಕಾಗದ ರೂಪ. ಆದರೆ ಇತಿಹಾಸವನ್ನು ಓದುವಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಹಾಸಿಗೆಯನ್ನು ಅಳೆಯುವ ಅಳತೆಗೋಲು ಯಾರ ಕೈಯಲ್ಲಿತ್ತು? ಅವರು ನಿಜಕ್ಕೂ ಅಳೆದದ್ದು ಏನನ್ನು? ಉರ್ದುವಿನಲ್ಲಿ ‘ಹೈಸಿಯತ್’ ಎಂಬ ಪದವಿದೆ. ಒಬ್ಬನ ಆಸ್ತಿ, ಅಂತಸ್ತು, ಯೋಗ್ಯತೆ ಎಲ್ಲವೂ ಆ ಒಂದೇ ಪದದಲ್ಲಿ ಸೇರಿಕೊಂಡಿವೆ. ಮನೆ ಸಾಲದ ಇತಿಹಾಸದಲ್ಲೂ ಇವು ಬಹಳ ಕಾಲ ಬೇರೆ ಬೇರೆಯಾಗಿ ನಿಲ್ಲಲಿಲ್ಲ.

ಮೊದಲ ಪತ್ರ ಬಡಾವಣೆಗೆ

1920ರ ದಶಕದ ಅಮೆರಿಕದಲ್ಲಿ ಮನೆ ಸಾಲವೆಂದರೆ ಹೆಚ್ಚಾಗಿ ಐದಾರು ವರ್ಷಗಳ ವ್ಯವಹಾರ. ಬೆಲೆಯ ಅರ್ಧದಷ್ಟನ್ನು ಕೊಳ್ಳುವವನೇ ಹೊಂದಿಸಬೇಕಿತ್ತು. ಅವಧಿಯುದ್ದಕ್ಕೂ ಬಡ್ಡಿ ಕಟ್ಟಿ, ಕೊನೆಗೆ ಅಸಲನ್ನು ಒಂದೇ ಗಂಟಿನಲ್ಲಿ ತೀರಿಸಬೇಕು, ಇಲ್ಲವೇ ಸಾಲವನ್ನು ನವೀಕರಿಸಿಕೊಳ್ಳಬೇಕು. 1929ರ ಆರ್ಥಿಕ ಕುಸಿತದ ನಂತರ ನವೀಕರಿಸಿ ಕೊಡಬೇಕಾದ ಬ್ಯಾಂಕುಗಳೇ ಮುಳುಗತೊಡಗಿದವು. 1933ರ ಹೊತ್ತಿಗೆ ದಿನಕ್ಕೆ ಸುಮಾರು ಸಾವಿರ ಮನೆಗಳು ಜಪ್ತಿಯಾಗುತ್ತಿದ್ದವು.

ಆಗ ರೂಸ್‌ವೆಲ್ಟ್ ಸರಕಾರ ಎರಡು ಸಂಸ್ಥೆಗಳನ್ನು ಹುಟ್ಟುಹಾಕಿತು. 1933ರ ಹೋಂ ಓನರ್ಸ್ ಲೋನ್ ಕಾರ್ಪೊರೇಷನ್ ಸುಮಾರು 10 ಲಕ್ಷ ಕುಟುಂಬಗಳ ಹಳೆಯ ಸಾಲವನ್ನು ವಹಿಸಿಕೊಂಡು ದೀರ್ಘಾವಧಿಯ ಸಾಲವಾಗಿ ಬದಲಾಯಿಸಿತು. 1934ರಲ್ಲಿ ಬಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಬ್ಯಾಂಕುಗಳು ಕೊಡುವ ಸಾಲಕ್ಕೆ ವಿಮೆಯ ರಕ್ಷಣೆ ನೀಡಿತು. ಎಫ್‌ಎಚ್‌ಎ ಎಂದೇ ಪರಿಚಿತವಾದ ಈ ಸಂಸ್ಥೆಯ ದೆಸೆಯಿಂದ ಬೆಲೆಯ ಶೇ. 80ರಷ್ಟು ಸಾಲ, 20 ವರ್ಷಗಳ ಅವಧಿ, ತಿಂಗಳಿಗೊಂದು ಸಮಾನ ಕಂತು ಎಂಬ ಪದ್ಧತಿ ಸಾಮಾನ್ಯವಾಯಿತು. ನಾವಿಂದು ಇಎಂಐ ಎನ್ನುತ್ತೇವಲ್ಲ, ಅದು ಜನಸಾಮಾನ್ಯರ ಮನೆಬಾಗಿಲಿಗೆ ಬಂದದ್ದು ಹೀಗೆ.

ಇಲ್ಲೊಂದು ಸ್ವಾರಸ್ಯವಿದೆ. ಎಫ್‌ಎಚ್‌ಎಯ ಪೂರ್ವ ಮಂಜೂರಾತಿ ಮೊದಲು ಸಿಕ್ಕಿದ್ದು ಮನುಷ್ಯನಿಗಲ್ಲ, ಬಡಾವಣೆಗೆ. ಬಿಲ್ಡರ್ ತನ್ನ ನಕ್ಷೆಯನ್ನು ಎಫ್‌ಎಚ್‌ಎ ಮುಂದಿಡುತ್ತಿದ್ದ. ಒಪ್ಪಿಗೆ ಸಿಕ್ಕಿದರೆ ಬ್ಯಾಂಕು ಅವನಿಗೆ ಹಣ ಕೊಡುತ್ತಿತ್ತು. ಮುಂದೆ ಅಲ್ಲಿ ಮನೆ ಕೊಳ್ಳುವವರ ಸಾಲವೂ ಸಲೀಸಾಗುತ್ತಿತ್ತು. ಆದರೆ ಆ ಒಪ್ಪಿಗೆಗೆ ಷರತ್ತುಗಳಿದ್ದವು. ಬೇರೆ ಬೇರೆ ಜನಾಂಗದವರು ಒಂದೇ ಕಡೆ ಬೆರೆತು ವಾಸಿಸುವುದು ಬಡಾವಣೆಯ ಬೆಲೆಗೆ ಅಪಾಯವೆಂದು ಸಂಸ್ಥೆಯ ಕೈಪಿಡಿಯೇ ಎಚ್ಚರಿಸುತ್ತಿತ್ತು. ಕರಿಯರಿಗೆ ಮಾರಕೂಡದೆಂಬ ಕರಾರನ್ನು ಕ್ರಯಪತ್ರದಲ್ಲೇ ಸೇರಿಸಿದರೆ ಒಳ್ಳೆಯದೆಂದು ಸಲಹೆ ನೀಡುತ್ತಿತ್ತು.

ಅದೇ ದಶಕದಲ್ಲಿ ಲೋನ್ ಕಾರ್ಪೊರೇಷನ್ 200ಕ್ಕೂ ಹೆಚ್ಚು ನಗರಗಳ ನಕ್ಷೆ ತಯಾರಿಸಿ ಕೇರಿಗಳಿಗೆ ಬಣ್ಣ ಬಳಿಯಿತು. ಹಸಿರು ಎಂದರೆ ಉತ್ತಮ, ಕೆಂಪು ಎಂದರೆ ಅಪಾಯ. ಕರಿಯರು ನೆಲೆಸಿದ್ದ ಕೇರಿಗಳು ಬಹುತೇಕ ಎಲ್ಲೆಡೆ ಕೆಂಪಾದವು. ಸಾಲ ಸಿಗದಂತೆ ಮಾಡಿದ್ದು ಆ ನಕ್ಷೆಗಳಿಗಿಂತ ಹೆಚ್ಚಾಗಿ ಎಫ್‌ಎಚ್‌ಎಯ ನಿಯಮಗಳೇ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಹೇಗಿದ್ದರೂ ‘ರೆಡ್‌ಲೈನಿಂಗ್’ ಎಂಬ ಮಾತು ಆ ಕೆಂಪು ಗೆರೆಯ ನೆನಪನ್ನೇ ಹೊತ್ತುಕೊಂಡಿದೆ. 1941ರಲ್ಲಿ ಡೆಟ್ರಾಯಿಟ್ ನಗರದ ಒಬ್ಬ ಬಿಲ್ಡರ್ ಕರಿಯರ ಕೇರಿಯ ಪಕ್ಕದಲ್ಲಿ ಬಿಳಿಯರಿಗಾಗಿ ಬಡಾವಣೆ ಮಾಡಲು ಹೊರಟ. ಎಫ್‌ಎಚ್‌ಎಯ ಒಪ್ಪಿಗೆ ಸಿಗಲಿಲ್ಲ. ಆತ ಎರಡರ ನಡುವೆ ಸುಮಾರು 6 ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿದ. ಒಪ್ಪಿಗೆ ಬಂತು! ಆ ಗೋಡೆ ಈಗಲೂ ಅಲ್ಲಿ ನಿಂತಿದೆ.

ಕೈಯಲ್ಲಿ ಪ್ರಮಾಣಪತ್ರ, ಬಾಗಿಲು ಮಾತ್ರ ಬಂದ್

ವ್ಯಕ್ತಿಯ ಕೈಗೇ ಅರ್ಹತೆಯ ಪತ್ರ ದೊಡ್ಡ ಪ್ರಮಾಣದಲ್ಲಿ ಬಂದದ್ದು 1944ರ ನಂತರ. ಎರಡನೇ ಮಹಾಯುದ್ಧದ ಸೈನಿಕರಿಗಾಗಿ ಮಾಡಿದ ಜಿಐ ಬಿಲ್ ಎಂಬ ಕಾಯಿದೆಯಡಿ ಅವರ ಮನೆ ಸಾಲಕ್ಕೆ ಸರಕಾರ ಜಾಮೀನು ನಿಂತಿತು. ಸೈನಿಕ ತನ್ನ ಸೇವೆಯ ದಾಖಲೆ ತೋರಿಸಿ ಅರ್ಹತೆಯ ಪ್ರಮಾಣಪತ್ರ ಪಡೆಯಬಹುದಿತ್ತು. 1952ರವರೆಗೆ ಸುಮಾರು 24 ಲಕ್ಷ ಮನೆ ಸಾಲಗಳಿಗೆ ಹೀಗೆ ಜಾಮೀನು ಸಿಕ್ಕಿತು.

ಆದರೆ ಸಾಲ ಕೊಡುವುದು ಸರಕಾರವಲ್ಲ, ಊರಿನ ಬ್ಯಾಂಕು. 1947ರಲ್ಲಿ ಎಬೊನಿ ಪತ್ರಿಕೆ ಮಿಸಿಸಿಪ್ಪಿ ರಾಜ್ಯದ 13 ನಗರಗಳಲ್ಲಿ ವಿಚಾರಿಸಿ ನೋಡಿತು. ಈ ಯೋಜನೆಯಲ್ಲಿ ಮನೆ, ವ್ಯಾಪಾರ, ಬೇಸಾಯಕ್ಕೆಂದು ಕೊಟ್ಟ 3,229 ಸಾಲಗಳ ಪೈಕಿ ಕರಿಯ ಸೈನಿಕರಿಗೆ ಸಿಕ್ಕಿದ್ದು ಕೇವಲ 2. ಒಂದೇ ಯುದ್ಧದಲ್ಲಿ ದುಡಿದು ಬಂದವರು ಅವರು. ಅದೇ ವರ್ಷ ನ್ಯೂಯಾರ್ಕಿನ ಹೊರವಲಯದಲ್ಲಿ ತಲೆಯೆತ್ತಿದ ಲೆವಿಟ್‌ಟೌನ್ ಎಂಬ ಭಾರೀ ಬಡಾವಣೆಯ ಕರಾರುಪತ್ರದಲ್ಲಿ ಬಿಳಿಯರಲ್ಲದವರಿಗೆ ಅಲ್ಲಿ ಜಾಗವಿಲ್ಲವೆಂದು ಅಚ್ಚಾಗಿತ್ತು. ಒಂದು ಕಡೆ ವ್ಯಕ್ತಿಯೇ ಬೇಡ, ಇನ್ನೊಂದು ಕಡೆ ಅವನ ಕೇರಿಗೆ ಸಾಲ ಬೇಡ. ಅವನು ಹೋಗುವುದೆಲ್ಲಿಗೆ?

ಹೆಣ್ಣುಮಕ್ಕಳ ಪಾಡೂ ಹೆಚ್ಚು ಭಿನ್ನವಾಗಿರಲಿಲ್ಲ. 1970ರ ದಶಕದ ಆರಂಭದವರೆಗೂ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಹೆಂಡತಿಯ ಸಂಬಳವನ್ನು ಹಲವು ಬ್ಯಾಂಕುಗಳು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕುತ್ತಿದ್ದವು. ಕೆಲವು ಪೂರ್ತಿ ಕೈಬಿಡುತ್ತಿದ್ದವು. ನಾಳೆ ಮಗುವಾದರೆ ಕೆಲಸ ಬಿಡುತ್ತಾಳೆ ಎಂಬುದು ಅವರ ತರ್ಕ. ಇನ್ನು ಮಕ್ಕಳಾಗುವುದಿಲ್ಲವೆಂದು ವೈದ್ಯರಿಂದ ಪತ್ರ ತರಲು ಹೇಳಿದ ಉದಾಹರಣೆಗಳೂ ದಾಖಲಾಗಿವೆ.

ನಿರಾಕರಣೆಗೂ ಲೆಕ್ಕ ಕೊಡಿ

ಬದಲಾವಣೆ ತಾನಾಗಿ ಬರಲಿಲ್ಲ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದರು. ಒಂದೇ ವಾರದಲ್ಲಿ, ಏಪ್ರಿಲ್ 11ರಂದು, ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸುವ ಕಾಯಿದೆಗೆ ಸಹಿ ಬಿತ್ತು. 1974ರಲ್ಲಿ ಸಾಲದ ವಿಷಯದಲ್ಲಿ ಹೆಣ್ಣು ಗಂಡು ಭೇದ ಕೂಡದೆಂದಾಯಿತು. 1976ರ ತಿದ್ದುಪಡಿಯಲ್ಲಿ ಜನಾಂಗ, ಧರ್ಮ, ರಾಷ್ಟ್ರೀಯ ಮೂಲ, ವಯಸ್ಸುಗಳೂ ಸೇರಿದವು. ಸಾಲ ಇಲ್ಲವೆಂದರೆ ಏಕೆ ಇಲ್ಲ ಎಂಬುದನ್ನು ತಿಳಿಸಬೇಕೆಂಬ ನಿಯಮವೂ ಬಂತು.

ಎಲ್ಲಕ್ಕಿಂತ ಹರಿತವಾದ ಆಯುಧ 1975ರ ಒಂದು ಸಾದಾ ಕಾಯಿದೆ. ಯಾವ ಕೇರಿಗೆ ಎಷ್ಟು ಮನೆ ಸಾಲ ಕೊಟ್ಟಿರಿ ಎಂಬುದನ್ನು ಬಹಿರಂಗಪಡಿಸಿ ಎಂದು ಅದು ಬ್ಯಾಂಕುಗಳಿಗೆ ಹೇಳಿತು. ಈ ಅಂಕಿಅಂಶಗಳನ್ನು ಹಿಡಿದುಕೊಂಡು 1988ರಲ್ಲಿ ಅಟ್ಲಾಂಟಾದ ದಿನಪತ್ರಿಕೆಯೊಂದರಲ್ಲಿ ಬಿಲ್ ಡೆಡ್‌ಮನ್ ಸರಣಿ ವರದಿ ಬರೆದರು. ಒಂದೇ ಮಟ್ಟದ ಆದಾಯವಿದ್ದರೂ ಬಿಳಿಯರಿಗೆ ಕರಿಯರ ಐದು ಪಟ್ಟು ಮನೆ ಸಾಲ ಸಿಗುತ್ತಿದೆ ಎಂದು ಅದು ತೋರಿಸಿತು. ಮರುವರ್ಷ ಆ ವರದಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. 2004ರಿಂದ ಪೂರ್ವ ಮಂಜೂರಾತಿಯ ಅರ್ಜಿಯನ್ನು ತಿರಸ್ಕರಿಸಿದ್ದನ್ನೂ ಬ್ಯಾಂಕುಗಳು ಲೆಕ್ಕಕ್ಕೆ ತೋರಿಸಬೇಕಾಯಿತು. ಅಂದರೆ ಮನೆ ನೋಡುವ ಮೊದಲೇ ಯಾರನ್ನು ಬಾಗಿಲಿನಿಂದ ಹಿಂದೆ ಕಳುಹಿಸಿದಿರಿ ಎಂಬುದಕ್ಕೂ ಜವಾಬು ಹೇಳಬೇಕು.

ಈ ನಡುವೆ ಅಳತೆಗೋಲೂ ಬದಲಾಯಿತು. 1989ರಲ್ಲಿ ಫೈಕೋ ಎಂಬ ಸಾಲದ ಅಂಕ ಬಂತು. 1995ರ ಸುಮಾರಿಗೆ ಕಂಪ್ಯೂಟರ್ ಮೂಲಕ ಅರ್ಜಿ ತೂಗುವ ಪದ್ಧತಿ ಬೆಳೆದು, ವಾರಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಆದರೆ 2000ದ ನಂತರ ಇನ್ನೊಂದು ಅತಿರೇಕ ಶುರುವಾಯಿತು. ಆದಾಯದ ದಾಖಲೆಯನ್ನೇ ಕೇಳದೆ ಸಾಲ ಹಂಚಿದರು. ಮೊದಲು ಬೀಗ ಜಡಿದಿದ್ದ ಕೇರಿಗಳಿಗೇ ಈಗ ದುಬಾರಿ ಬಡ್ಡಿಯ ಸಾಲ ಹುಡುಕಿಕೊಂಡು ಬಂತು. 2008ರಲ್ಲಿ ಎಲ್ಲವೂ ಕುಸಿದು ಬಿತ್ತು. ತೀರಿಸುವ ಶಕ್ತಿಯನ್ನು ದಾಖಲೆ ನೋಡಿಯೇ ನಿರ್ಧರಿಸಬೇಕೆಂಬ ನಿಯಮ 2014ರ ಜನವರಿಯಿಂದ ಜಾರಿಗೆ ಬಂತು. ಅಳೆಯುವಾಗ ಪಕ್ಷಪಾತವೂ ಅನ್ಯಾಯ, ಅಳೆಯದೆ ಕೊಟ್ಟು ಮುಳುಗಿಸುವುದೂ ಅನ್ಯಾಯ.

ನಮ್ಮ ಕೇರಿಯ ಬಣ್ಣ

ಭಾರತದಲ್ಲಿ ಮಧ್ಯಮ ವರ್ಗಕ್ಕೆ ಮನೆ ಸಾಲದ ಬಾಗಿಲು ತೆರೆದದ್ದು 1977ರಲ್ಲಿ ಹಸ್‌ಮುಖ್ ಪಾರೇಖ್ ಅವರು ಎಚ್‌ಡಿಎಫ್‌ಸಿ ಸ್ಥಾಪಿಸಿದ ಮೇಲೆ. 1987ರಲ್ಲಿ ಬೆಂಗಳೂರಿನಲ್ಲಿ ಕ್ಯಾನ್ ಫಿನ್ ಹೋಮ್ಸ್ ಬಂತು. 2000ದಲ್ಲಿ ಸಿಬಿಲ್ ಹುಟ್ಟಿತು. ಇಂದು ನಮ್ಮ ಬ್ಯಾಂಕುಗಳೂ ಮನೆ ಗೊತ್ತುಮಾಡುವ ಮೊದಲೇ ‘ಇನ್-ಪ್ರಿನ್ಸಿಪಲ್ ಸ್ಯಾಂಕ್ಷನ್’ ಪತ್ರ ಕೊಡುತ್ತವೆ. ಕೇಳಿ ಪಡೆಯುವವರು ಕಡಿಮೆ. ಬಡ್ಡಿಯ ಸಾಲ ತೆಗೆದುಕೊಳ್ಳಬೇಕೇ ಬೇಡವೇ ಎಂಬುದು ಬೇರೆಯೇ ಚರ್ಚೆ. ಅದು ತೆಗೆದುಕೊಳ್ಳುವವನು ನಿರ್ಧರಿಸಬೇಕಾದ ವಿಷಯ, ಅವನ ವಿಳಾಸ ನೋಡಿ ಇನ್ನೊಬ್ಬರು ನಿರ್ಧರಿಸುವಂಥದ್ದಲ್ಲ.

ವಿಳಾಸದ ಮಾತು ಸುಮ್ಮನೆ ಬಂದದ್ದಲ್ಲ. 2005ರಲ್ಲಿ ನೇಮಕಗೊಂಡು 2006ರ ನವೆಂಬರ್‌ನಲ್ಲಿ ವರದಿ ಸಲ್ಲಿಸಿದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ, ಮುಸ್ಲಿಮರು ಹೆಚ್ಚಿರುವ ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ‘ನೆಗೆಟಿವ್’ ಅಥವಾ ‘ರೆಡ್’ ವಲಯಗಳೆಂದು ಗುರುತಿಸಿ ಸಾಲ ಕೊಡುತ್ತಿಲ್ಲ ಎಂಬ ದೂರನ್ನು ದಾಖಲಿಸಿತು. ಅಮೆರಿಕದ ನಕ್ಷೆಯ ಕೆಂಪು ಬಣ್ಣ ಎಪ್ಪತ್ತು ವರ್ಷಗಳ ನಂತರ ನಮ್ಮ ಸರಕಾರಿ ವರದಿಯಲ್ಲಿ ಕಾಣಿಸಿಕೊಂಡಿತು.

ಇಲ್ಲಿಯೇ ಮನೆಗಿಂತ ಮೊದಲು ಬರುವ ಪತ್ರದ ನಿಜವಾದ ಬೆಲೆ ತಿಳಿಯುವುದು. ಸಾಲದ ಅರ್ಜಿಯಲ್ಲಿ ಎರಡು ಪ್ರಶ್ನೆಗಳಿವೆ. ಈ ಮನುಷ್ಯ ತೀರಿಸಬಲ್ಲನೇ? ಈ ಆಸ್ತಿ ಸರಿಯಾಗಿದೆಯೇ? ಎರಡನ್ನೂ ಒಟ್ಟಿಗೆ ಕೇಳಿದಾಗ ‘ಆಗುವುದಿಲ್ಲ’ ಎಂಬ ಉತ್ತರ ಯಾವ ಪ್ರಶ್ನೆಗೆಂದು ತಿಳಿಯುವುದಿಲ್ಲ. ತಾರತಮ್ಯ ಅಡಗಿ ಕೂರುವುದು ಆ ಗೊಂದಲದಲ್ಲಿ. ಪತ್ರ ಮೊದಲೇ ಕೈಯಲ್ಲಿದ್ದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದಂತೆ. ಉಳಿಯುವುದು ಆಸ್ತಿಯ ಪ್ರಶ್ನೆ. ಖಾತೆ ಸರಿಯಿಲ್ಲ, ಕಂದಾಯ ನಿವೇಶನ, ಋಣಭಾರ ಪತ್ರದಲ್ಲಿ ದೋಷವಿದೆ ಎಂದರೆ ಬ್ಯಾಂಕಿನ ಮಾತಿನಲ್ಲಿ ನ್ಯಾಯವಿದೆ. ಅಂಥ ಮನೆ ಕೊಳ್ಳದಿರುವುದೇ ಲೇಸು. ಕಾಗದಪತ್ರಗಳೆಲ್ಲ ಸರಿಯಿದ್ದೂ ಬೀದಿಯ ಹೆಸರು ಕೇಳಿದೊಡನೆ ಬಾಗಿಲು ಮುಚ್ಚಿದರೆ, ಕಾರಣ ಬೀದಿಯೇ ಎಂದು ಬೆರಳಿಟ್ಟು ತೋರಿಸಬಹುದು.

ಅದಕ್ಕೆ ಬೇಕಾದ ಉಪಾಯಗಳೂ ಇವೆ. ಎಲ್ಲ ಬಗೆಯ ಸಾಲದ ಅರ್ಜಿಗಳಲ್ಲೂ ತಿರಸ್ಕಾರದ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2007ರಲ್ಲಿಯೇ ಬ್ಯಾಂಕುಗಳಿಗೆ ಸೂಚಿಸಿದೆ. 2017ರಿಂದ ಪ್ರತಿಯೊಬ್ಬರೂ ತಮ್ಮ ಸಾಲದ ಚರಿತ್ರೆಯ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಇಲ್ಲವೆಂದರೆ ಸುಮ್ಮನೆ ಇಳಿದು ಬರಬಾರದು. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು, ನಿರಾಕರಿಸಿದರೆ ಕಾರಣ ಬರೆದುಕೊಡಿ ಎನ್ನಬೇಕು. ಪತ್ರದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯೇ ಹೊರತು ಅಷ್ಟನ್ನೂ ತೆಗೆದುಕೊಳ್ಳಬೇಕೆಂಬ ಸಲಹೆಯಲ್ಲ ಎಂಬುದನ್ನೂ ಮರೆಯಬಾರದು.

ಅಮೆರಿಕದ ಕರಿಯರು ಗೆದ್ದದ್ದು ಸಾಲ ಬೇಡಿ ಅಲ್ಲ, ಲೆಕ್ಕ ಕೇಳಿ. ಯಾವ ಕೇರಿಗೆ ಎಷ್ಟು ಮನೆ ಸಾಲ ಹೋಯಿತು, ಎಷ್ಟು ಅರ್ಜಿ ತಿರಸ್ಕಾರವಾಯಿತು ಎಂಬ ಲೆಕ್ಕವನ್ನು ಬ್ಯಾಂಕುಗಳು ಜನರ ಮುಂದಿಡಬೇಕೆಂಬ ಕಾಯಿದೆಗೆ ನಾವೂ ದನಿಯೆತ್ತಬೇಕಾಗಿದೆ. ಹಾಸಿಗೆಯನ್ನು ಅಳೆಯಲಿ, ಬೇಡವೆನ್ನುವವರು ಯಾರು? ಅಳೆಯುವಾಗ ಹಾಸಿಗೆಯನ್ನು ಮಾತ್ರ ಅಳೆಯಲಿ. ಮಲಗುವವನ ಹೆಸರನ್ನಲ್ಲ, ಅವನ ಬೀದಿಯನ್ನೂ ಅಲ್ಲ.